ಆರಿಸುವ ಕೆಲಸ

ನಮ್ಮ ಕೆಲಸಕ್ಕೆ ಹೆಸರು ಒಂದೇ: ಆರಿಸುವುದು.
ಮೂಟೆ ಬಿಚ್ಚಿ ಮೇಜಿನ ಮೇಲೆ ಸುರಿದರೆ
ಕರಿ ಬೀಜ ಈ ಕಡೆ, ಒಡಕು ಆ ಕಡೆ,
ಹುಳ ಕೊರೆದದ್ದು ಕಾಲ ಬುಡದ ಡಬ್ಬಿಗೆ.
ಇಪ್ಪತ್ತೆರಡು ವರ್ಷ. ಚಿಕ್ಕಮಗಳೂರಿನ ಅಷ್ಟೂ ತೋಟಗಳ ಧೂಳು
ನನ್ನ ಉಗುರಿನ ಸಂದಿಗೆ ಗೊತ್ತು.

ಎದುರಿಗೆ ಖಮರುನ್ನೀಸಾ. ಇಬ್ಬರಿಗೂ ಸೇರಿ ಒಂದು ಕನ್ನಡಕ,
ಆಜಾದ್ ಪಾರ್ಕಿನ ಫುಟ್‌ಪಾತಿನಲ್ಲಿ
ಅರ್ಧರ್ಧ ಹಾಕಿ ಕೊಂಡದ್ದು, ನೂರಿಪ್ಪತ್ತು ರೂಪಾಯಿ.
ಬೆಳಿಗ್ಗೆ ಅವಳ ಮೂಗಿನ ಮೇಲೆ,
ಊಟವಾದ ಮೇಲೆ ನನ್ನದರ ಮೇಲೆ.
ಬಲಗಡೆಯ ಕಡ್ಡಿ ಮುರಿದಾಗ ಅವಳು ದಾರ ಸುತ್ತಿದಳು,
ಎಡಗಡೆಯದು ಮುರಿದಾಗ ನಾನು, ಹಳದಿ ದಾರ.

ಎಲೆಕ್ಷನ್ನಿಗೆ ಇಪ್ಪತ್ತು ದಿನ ಇರುವಾಗ
ಕೋಟೆ ಕಡೆಯ ಹುಡುಗ ಬಂದ, ಯೋಗಾನಂದ,
ಕೈಯಲ್ಲಿ ಓಟರ್ ಲಿಸ್ಟು, ಕಿವಿಯ ಮೇಲೆ ಪೆನ್ಸಿಲ್ಲು.
ಒಂದೊಂದೇ ಹೆಸರು ಓದಿ
ಕೆಲವಕ್ಕೆ ಗೀಟು, ಕೆಲವಕ್ಕೆ ಸೊನ್ನೆ.
ಕೈ ಎಷ್ಟು ಚುರುಕು ಅಂತೀರಿ!
ನಮ್ಮ ವರ್ಕ್ಸಿಗೆ ಬಂದಿದ್ದರೆ ದಿನಕ್ಕೆ ಎರಡು ಮೂಟೆ ಮುಗಿಸುತ್ತಿದ್ದ.
"ಅಕ್ಕಾ, ನೀವು ಕುಡಿಯೋ ನೀರಿನ ಹರವಿ ಯಾರು ತುಂಬ್ತಾರೆ?"
ಅಷ್ಟೇ ಕೇಳಿದ್ದು. ಮತ್ತೇನೂ ಹೇಳಲಿಲ್ಲ.
ತುಂಬುತ್ತಿದ್ದದ್ದು ಖಮರು.

ಉಪ್ಪಳ್ಳಿಗೂ ಒಬ್ಬ ಹೋಗಿದ್ದನಂತೆ,
ಬೇರೆ ಪಾರ್ಟಿ, ಅದೇ ಪೆನ್ಸಿಲ್ಲು.
ಅಲ್ಲಿ ಕೇಳಿದ್ದು ಊಟದ ಡಬ್ಬಿಯ ವಿಚಾರ.

ಬುಧವಾರ ಹರವಿ ಎರಡಾಯಿತು. ಗುರುವಾರ ಮೇಜು.
ಮೇಸ್ತ್ರಿ ಲೋಬೊ ಯಾರ ಕಡೆಯೂ ನೋಡದೆ
ತೂಕದ ತಟ್ಟೆ ಒರೆಸುತ್ತ ನಿಂತಿದ್ದ.
ನನ್ನ ಮಣೆ ನಾನೇ ಎತ್ತಿಕೊಂಡು ಹೋದೆ.
ಯಾರೂ ಎಳೆಯಲಿಲ್ಲ, ಇದೊಂದನ್ನು ಮಾತ್ರ ಸುಳ್ಳು ಹೇಳಲಾರೆ.
ಕನ್ನಡಕ ಅವಳ ಹತ್ತಿರ ಉಳಿಯಿತು,
ಬೆಳಿಗ್ಗೆಯ ಪಾಳಿ ಅವಳದಲ್ಲವೆ.
ಮಧ್ಯಾಹ್ನದ ಮೇಲೆ ನನಗೆ ಕರಿಯದೂ ಹಸಿರೂ ಒಂದೇ ಕಂಡು
ಲೋಬೊ ನನ್ನ ಮೂಟೆ ವಾಪಸ್ಸು ಸುರಿದ.

ಅವರು ಆರಿಸಿ ಬಂದರು.
ಹನುಮಂತಪ್ಪ ಸರ್ಕಲ್ಲಿನಲ್ಲಿ ಪಟಾಕಿ,
ಜೆಸಿಬಿ ಎತ್ತಿ ಹಿಡಿದ ಸೇಬಿನ ಹಾರ.
ಗೀಟಿನವರಿಗೆ ಕೊಟ್ಟ ಸೀರೆ
ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತ್ತು.

ಮೂರನೇ ತಿಂಗಳು ಅವರೇ ನಮ್ಮ ವರ್ಕ್ಸಿಗೆ ಬಂದರು.
ಹೊಸ ಯಂತ್ರ. ಒಳಗೆ ಕಣ್ಣಿದೆಯಂತೆ,
ಬಣ್ಣ ನೋಡಿ, ಕರಿಯದು ಕಂಡರೆ
ಫುಸ್ ಅಂತ ಗಾಳಿ ಊದಿ ಆಚೆ ಹಾಕುತ್ತದೆ.
ಅವರು ರಿಬ್ಬನ್ ಕತ್ತರಿಸಿದರು, ಸ್ವಿಚ್ ಒತ್ತಿದರು,
ನಮಗೂ ಒಂದೊಂದು ಪೇಡ.
ಶನಿವಾರ ಬಟವಾಡೆ ತೆಗೆದುಕೊಂಡು ಅರವತ್ತಮೂವರು ಹೆಂಗಸರು
ಗೇಟಿನ ಹೊರಗೆ,
ಗೀಟೂ ಸೊನ್ನೆಯೂ ಒಂದೇ ಮೂಟೆ.

ಎಂಟು ವರ್ಷದ ಹಿಂದೆ ಬೋನಸ್ಸು ತಡೆದಾಗ
ಇದೇ ಗೇಟಿಗೆ ಅಡ್ಡ ಕೂತಿದ್ದೆವು, ಎರಡು ಹಗಲು ಒಂದು ರಾತ್ರಿ,
ಖಮರು ತಂದ ಕಂಬಳಿಯಡಿ ಆರು ಜನ.
ಸಾಹುಕಾರರು ಮೂರನೇ ದಿನ ಎಣಿಸಿ ಕೊಟ್ಟರು.
ಈ ಸಲವೂ ಕೂರೋಣ ಅಂದುಕೊಂಡೆ.
ಯಾರ ಪಕ್ಕ ಕೂರುವುದು?
ಅವರು ಆ ಹುಣಸೆ ಮರದ ಕೆಳಗೆ,
ನಾವು ಈ ಕಾಂಪೌಂಡಿನ ಬದಿಗೆ,
ನಡುವೆ ಒಂದು ಲಾರಿ ಆರಾಮಾಗಿ ಹೋಗುವಷ್ಟು ಜಾಗ.
ಲಾರಿ ಹೋಯಿತು.

ಈಗ ರಾತ್ರಿ ಅಕ್ಕಿ ಆರಿಸುತ್ತೇನೆ, ಆದರೂ ಹಲ್ಲಿಗೆ ಕಲ್ಲು.
ಒಲೆ ಆರಿಸುತ್ತೇನೆ, ದೀಪ ಆರಿಸುತ್ತೇನೆ.
ಇಷ್ಟಕ್ಕೆಲ್ಲ ಒಂದೇ ಮಾತು ಇಟ್ಟವರು ಯಾರೋ,
ಅವರಿಗೆ ನಮ್ಮೂರು ಗೊತ್ತಿತ್ತು ಅನಿಸುತ್ತದೆ.

ಮೊನ್ನೆ ಬುಧವಾರದ ಸಂತೆಯಲ್ಲಿ ಖಮರು ಸಿಕ್ಕಳು,
ಬೆಳ್ಳುಳ್ಳಿಯ ಗುಡ್ಡೆಗೆ ಬಗ್ಗಿ.
ಮೂಗಿನ ಮೇಲೆ ಕನ್ನಡಕ, ಎಡಗಡೆ ಹಳದಿ ದಾರ
ಮಾಸಿದೆ, ಬಿಚ್ಚಿಲ್ಲ.
ಮಧ್ಯಾಹ್ನ ಎರಡೂವರೆ. ನನ್ನ ಪಾಳಿ.
ಕೇಳಲಿಲ್ಲ.
ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು,
ಹುಳ ಕೊರೆದದ್ದೋ ಅಲ್ಲವೋ ಎಂದು
ಬೀಜವನ್ನು ತಿರುಗಿಸಿ ತಿರುಗಿಸಿ ನೋಡುವ ಹಾಗೆ.